ಒಂದು ಸೆಂಟಿನ ಪೇಪರು, ನಲವತ್ತು ಸಾವಿರದ ವ್ಯಾಪಾರ

ಪೇಪರ್ ಓದೋದು ದುಡ್ಡಿದ್ದವರ ಶೋಕಿಯಾಗಿದ್ದ ಕಾಲ. 1833ರ ನ್ಯೂಯಾರ್ಕ್. ಪತ್ರಿಕೆಯ ಬೆಲೆ ಆರು ಸೆಂಟ್, ಅದೂ ಹೆಚ್ಚಾಗಿ ವರ್ಷದ ಚಂದಾ ಕಟ್ಟಿದವರಿಗೆ. ಒಳಗೆ ಇರುತ್ತಿದ್ದುದಾದರೂ ಏನು? ಹಡಗು ಬಂದ ಸುದ್ದಿ, ಸರಕಿನ ಧಾರಣೆ, ರಾಜಕೀಯದವರ ಭಾಷಣ. ಎಷ್ಟೋ ಪತ್ರಿಕೆಗಳು ಪಕ್ಷದ ಕೃಪೆಯಲ್ಲೇ ಉಸಿರಾಡುತ್ತಿದ್ದವು. ಕೂಲಿಯವನಿಗೂ ಅದಕ್ಕೂ ಏನು ಸಂಬಂಧ?

ಈ ಲೆಕ್ಕ ತಲೆಕೆಳಗು ಮಾಡಿದಾತ ಬೆಂಜಮಿನ್ ಡೇ. ನಮ್ಮಂಥ ಅಗ್ಗದ ಪೇಪರಿನವರಿಗೆಲ್ಲ ಮೂಲಪುರುಷ ಅನ್ನಿ! ಮೆಸಾಚುಸೆಟ್ಸ್ ಕಡೆಯವನು, ಮೊಳೆ ಜೋಡಿಸುತ್ತಾ ಬೆಳೆದವನು. ಸ್ವಂತ ಪ್ರೆಸ್ ಇಟ್ಟ, ಆದರೆ ಕೆಲಸವೇ ಇಲ್ಲ. ಪ್ರೆಸ್ ಸುಮ್ಮನೆ ನಿಂತರೆ ಹೊಟ್ಟೆ ತುಂಬುತ್ಯೇ? ಇಪ್ಪತ್ಮೂರರ ಪ್ರಾಯದಲ್ಲಿ, ಸೆಪ್ಟೆಂಬರ್ 3ರಂದು, 'ಸನ್' ಎಂಬ ನಾಲ್ಕು ಪುಟದ ಪುಟ್ಟ ದಿನಪತ್ರಿಕೆ ಹೊರಡಿಸಿದ. ಬೆಲೆ ಒಂದೇ ಸೆಂಟ್. ಹೊಸ ಪೇಪರಿಗೆ ಜಾಹೀರಾತು ಯಾರು ಕೊಡ್ತಾರೆ? ಬೇರೆ ಪತ್ರಿಕೆಗಳ ಜಾಹೀರಾತನ್ನೇ ಎತ್ತಿ ಪುಕ್ಕಟೆ ಅಚ್ಚು ಹಾಕಿಬಿಟ್ಟ. ಭಂಡ ಧೈರ್ಯ!

ಮಾರಾಟಕ್ಕೆ ಬೀದಿ ಹುಡುಗರನ್ನು ಹಿಡಿದ. 67 ಸೆಂಟ್ ನಗದು ಎಣಿಸಿದರೆ ನೂರು ಪ್ರತಿ. ಅಷ್ಟೂ ಮಾರಿದರೆ 33 ಸೆಂಟ್ ಹುಡುಗನಿಗೆ, ಉಳಿದುಹೋದರೆ ನಷ್ಟವೂ ಅವನದೇ. ಯಜಮಾನನ ದುಡ್ಡು ಮಾತ್ರ ಬೆಳಗ್ಗೆಯೇ ಗಲ್ಲಾ ಪೆಟ್ಟಿಗೆಯಲ್ಲಿ! ವಾರಕ್ಕೆ 4 ಡಾಲರ್ ಕೊಟ್ಟು ಜಾರ್ಜ್ ವಿಸ್ನರ್ ಎಂಬಾತನನ್ನು ಪೊಲೀಸ್ ಕೋರ್ಟಿಗೆ ಅಟ್ಟಿದ. ಕುಡುಕರ ಜಗಳ, ಗಂಡ-ಹೆಂಡಿರ ರಂಪ, ಕಳ್ಳತನ ಎಲ್ಲವೂ ಸುದ್ದಿಯಾಯ್ತು. ಜನ ಮುಗಿಬಿದ್ದರು. ಜನ ಬಂದ ಕಡೆಗೆ ಅಂಗಡಿಯವರೂ ಬಂದರು, ಜಾಹೀರಾತಿನ ದುಡ್ಡು ಹಿಡಿದು. ಡೇ ಮಾರುತ್ತಿದ್ದುದು ಓದುಗನಿಗೆ ಪೇಪರನ್ನಷ್ಟೇ ಅಲ್ಲ, ಅಂಗಡಿಯವನಿಗೆ ಓದುಗನನ್ನೂ.

1835ರ ಆಗಸ್ಟ್‌ನಲ್ಲಂತೂ ಪತ್ರಿಕೆ ಚಂದ್ರಲೋಕಕ್ಕೇ ಹಾರಿತು. ಖಗೋಳಜ್ಞ ಜಾನ್ ಹರ್ಷೆಲ್ ದೂರದರ್ಶಕದಲ್ಲಿ ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರನ್ನು ಕಂಡನಂತೆ! ಅಪ್ಪಟ ಸುಳ್ಳು. ಬರೆದವನು ಡೇಯ ನೌಕರ ರಿಚರ್ಡ್ ಲಾಕ್. ಪಾಪ, ಹರ್ಷೆಲ್ ಆಗ ದಕ್ಷಿಣ ಆಫ್ರಿಕಾದಲ್ಲಿ ತನ್ನ ಪಾಡಿಗೆ ತಾನಿದ್ದ. ಪ್ರಸಾರ 19,360 ದಾಟಿತೆಂದು ಪತ್ರಿಕೆ ಬೀಗಿತೇ ಹೊರತು, ಓದುಗರ ಕ್ಷಮೆ ಕೇಳಲಿಲ್ಲ. ಸುಳ್ಳಿಗೂ ಗಿರಾಕಿ ಉಂಟು ಅನ್ನೋದು ಆಗಲೇ ಗೊತ್ತಾಗಿಹೋಗಿತ್ತು.

1837ರಲ್ಲಿ ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿ ವ್ಯಾಪಾರ ಬಿದ್ದುಹೋಯಿತು. ಮರುವರ್ಷ ಡೇ ಪತ್ರಿಕೆಯನ್ನೇ ಭಾವ ಮೋಸೆಸ್ ಬೀಚ್‌ಗೆ 40,000 ಡಾಲರಿಗೆ ಮಾರಿಬಿಟ್ಟ. ಆಗಿನ್ನೂ ಅವನಿಗೆ ಮೂವತ್ತು ತುಂಬಿರಲಿಲ್ಲ. ಆಮೇಲೆ ಬದುಕಿದ್ದು ಐವತ್ತು ವರ್ಷ! ತಾನು ಹುಟ್ಟಿಸಿದ ಪೇಪರು ಪರರ ಕೈಯಲ್ಲಿ ಬೆಳೆಯೋದನ್ನು ನೋಡುತ್ತಾ, ಮಾರಿದ್ದು ಪೆದ್ದತನವೆಂದು ಮುಪ್ಪಿನಲ್ಲಿ ಹಳಹಳಿಸಿ, 1889ರಲ್ಲಿ ತೀರಿಕೊಂಡ. 'ಸನ್' 1950ರವರೆಗೂ ನಡೆಯಿತು.