ಮಾರಿಟೇನಿಯಾ ಎಂಬ ಹೆಸರು ಯಾರದು? ಕಳ್ಳಿಗೆ ಹೆಸರಿಟ್ಟ ರಾಜನ ಕಥೆ

ಪಶ್ಚಿಮ ಆಫ್ರಿಕಾದಲ್ಲಿ ಇಂದು ಮಾರಿಟೇನಿಯಾ ಎಂಬ ದೇಶವಿದೆ. ರೋಮನ್ನರ ಕಾಲದ ಮೌರೆಟಾನಿಯಾ ರಾಜ್ಯವೂ ಇದೇ ಇರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಹಳೆಯ ರಾಜ್ಯ ಇದ್ದದ್ದು ಬಹಳ ಉತ್ತರಕ್ಕೆ, ಇಂದಿನ ಮೊರಾಕೊ ಮತ್ತು ಅಲ್ಜೀರಿಯಾಗಳ ಉತ್ತರ ಭಾಗದಲ್ಲಿ. ಅಲ್ಲಿನ ಮೌರಿ ಜನರಿಂದ ಅದಕ್ಕೆ ಆ ಹೆಸರು ಬಂತು. ಅದರ ಪ್ರಸಿದ್ಧ ರಾಜ ಎರಡನೇ ಜೂಬಾನ ಬದುಕನ್ನು ನೋಡೋಣ.

ಜೂಬಾ ನೆರೆಯ ನುಮಿಡಿಯಾದ ರಾಜಕುಮಾರ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ಸೇನೆಯೆದುರು ಸೋತ ಅವನ ತಂದೆ ಪ್ರಾಣ ಬಿಟ್ಟ. ಎಳೆಯ ಮಗುವಾಗಿದ್ದ ಜೂಬಾನನ್ನು ಸೀಸರನ ವಿಜಯ ಮೆರವಣಿಗೆಯಲ್ಲಿ ರೋಮಿನ ಜನರಿಗೆ ತೋರಿಸಲಾಯಿತು. ಆದರೆ ಸೆರೆಯಾಳಾಗಿ ಬಂದ ಮಗು ಅಲ್ಲೇ ಓದಿ ವಿದ್ವಾಂಸನಾಯಿತು. ಕ್ರಿ.ಪೂ. 25ರಲ್ಲಿ ಚಕ್ರವರ್ತಿ ಆಗಸ್ಟಸ್ ಅವನನ್ನು ಮೌರೆಟಾನಿಯಾದ ರಾಜನನ್ನಾಗಿ ಮಾಡಿದ. ಅವನ ಪತ್ನಿ ಸೆಲೀನ್, ಈಜಿಪ್ಟಿನ ಪ್ರಸಿದ್ಧ ರಾಣಿ ಕ್ಲಿಯೋಪಾತ್ರಳ ಮಗಳು. ಅವರ ರಾಜಧಾನಿ ಸಿಸೇರಿಯಾ ಇಂದು ಅಲ್ಜೀರಿಯಾದ ಶೆರ್ಶೆಲ್ ಪಟ್ಟಣ.

ಜೂಬಾ ಗ್ರೀಕ್ ಭಾಷೆಯಲ್ಲಿ ಅನೇಕ ಪುಸ್ತಕ ಬರೆದ. ಒಂದೂ ಪೂರ್ತಿಯಾಗಿ ಉಳಿದಿಲ್ಲ. ಅಟ್ಲಾಸ್ ಪರ್ವತದ ಒಂದು ಗಿಡಕ್ಕೆ ಅವನು ತನ್ನ ವೈದ್ಯ ಯೂಫೋರ್ಬಸ್‌ನ ಹೆಸರಿಟ್ಟ ಎಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. 1753ರಲ್ಲಿ ಲಿನೇಯಸ್ ಅದೇ ಹೆಸರನ್ನು ಸಸ್ಯಶಾಸ್ತ್ರಕ್ಕೆ ತಂದ: ಯೂಫೋರ್ಬಿಯಾ. ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ, ಮುರಿದರೆ ಹಾಲು ಸುರಿಸುವ ಕಳ್ಳಿಗಳು ಈ ಗುಂಪಿನವೇ.

ಕ್ರಿ.ಶ. 23ರ ಸುಮಾರಿಗೆ ಜೂಬಾ ತೀರಿಕೊಂಡ. ಕ್ರಿ.ಶ. 40ರಲ್ಲಿ ಅವನ ಮಗ ಟಾಲೆಮಿಯನ್ನು ಚಕ್ರವರ್ತಿ ಕ್ಯಾಲಿಗುಲಾ ಕೊಲ್ಲಿಸಿದ. ರಾಜ್ಯ ರೋಮಿನ ಎರಡು ಪ್ರಾಂತ್ಯಗಳಾಯಿತು. ಶತಮಾನಗಳ ನಂತರ ಫ್ರೆಂಚರು ಆ ಹೆಸರನ್ನು ದಕ್ಷಿಣದ ತಮ್ಮ ವಸಾಹತಿಗೆ ಇಟ್ಟರು. 1960ರಲ್ಲಿ ಸ್ವತಂತ್ರವಾದಾಗಲೂ ಆ ದೇಶಕ್ಕೆ ಅದೇ ಹೆಸರು ಉಳಿಯಿತು.

ಅಂದರೆ, ಹೆಸರು ಒಂದೇ ಎಂದ ಮಾತ್ರಕ್ಕೆ ಜಾಗ ಒಂದೇ ಅಲ್ಲ. ಹಾಗೆಯೇ, ವೈದ್ಯನ ಹೆಸರಿದೆ ಎಂದ ಮಾತ್ರಕ್ಕೆ ಕಳ್ಳಿ ಮನೆಮದ್ದೂ ಅಲ್ಲ. ಕಳ್ಳಿ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ತಕ್ಷಣ ಸಾಕಷ್ಟು ಶುದ್ಧ ನೀರಿನಿಂದ ಕಣ್ಣು ತೊಳೆದು ವೈದ್ಯರ ಬಳಿ ಹೋಗಿ. ಕಳ್ಳಿ ಹಾಲನ್ನು ಕಣ್ಣಿಗೆ, ಗಾಯಕ್ಕೆ ಹಚ್ಚಿ ಎನ್ನುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.