ದೇವರಾಜ ಅರಸು: ವೋಟ್ ಬ್ಯಾಂಕ್ ಇಲ್ಲದ ಮುಖ್ಯಮಂತ್ರಿ

ಡಿ. ದೇವರಾಜ ಅರಸು ಅವರು 1915ರ ಆಗಸ್ಟ್ 20ರಂದು ಜನಿಸಿದರು. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಬೆಂಗಳೂರಿನಲ್ಲಿ ಓದು ಮುಗಿಸಿ ಊರಿಗೆ ಮರಳಿ ಬೇಸಾಯ ಮಾಡಿದರು. 1952ರಲ್ಲಿ ಶಾಸಕರಾದರು. ಅರಸು ಸಮುದಾಯ ಮೈಸೂರು ರಾಜಮನೆತನದ ಸಂಬಂಧಿಗಳದ್ದು, ಆದರೆ ಸಂಖ್ಯೆಯಲ್ಲಿ ತೀರಾ ಚಿಕ್ಕದು. ಚುನಾವಣೆಯಲ್ಲಿ ಎಣಿಸುವುದು ತಲೆಗಳನ್ನು, ಮನೆತನವನ್ನಲ್ಲ.

ಆಗ ರಾಜ್ಯದ ಅಧಿಕಾರ ಹೆಚ್ಚಾಗಿ ಲಿಂಗಾಯತ, ಒಕ್ಕಲಿಗ ಮುಖಂಡರ ಕೈಯಲ್ಲಿತ್ತು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲರಂಥ ದೊಡ್ಡ ನಾಯಕರು ಒಂದು ಕಡೆ ಹೋದರು. ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಚುನಾವಣೆಯಲ್ಲಿ ಹಿಂದುಳಿದವರಿಗೆ, ದಲಿತರಿಗೆ, ಅಲ್ಪಸಂಖ್ಯಾತರಿಗೆ ಹೆಚ್ಚು ಟಿಕೆಟ್ ಕೊಡಿಸಿ, ಗೆದ್ದು ಮುಖ್ಯಮಂತ್ರಿಯಾದರು.

ಒತ್ತಡ ಗುಂಪು ಎಂದರೆ ಕಚೇರಿ, ಬೋರ್ಡು, ಲೆಟರ್‌ಹೆಡ್ ಇರುವ ಸಂಘ ಎಂದು ನಾವು ತಿಳಿಯುತ್ತೇವೆ. ಬಹುತೇಕ ಗೇಣಿದಾರರಿಗೆ ಇದ್ಯಾವುದೂ ಇರಲಿಲ್ಲ. ಅವರಿಗೆ ಇದ್ದದ್ದು ಒಂದು ವೋಟು. ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಅದನ್ನು ಕೇಳಬಹುದಿತ್ತು. ಅಲ್ಲಿ ವಾದಿಸಲು ವಕೀಲರಿಗೆ ಅವಕಾಶ ಇರಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ ನಿಯಮ. ಫೀಸು ಕೊಡುವ ಶಕ್ತಿ ಇದ್ದದ್ದು ಜಮೀನ್ದಾರನಿಗೆ ಮಾತ್ರ ತಾನೆ? ಲಕ್ಷಾಂತರ ಅರ್ಜಿಗಳು ಬಂದವು. ಎಲ್ಲವೂ ಚೆನ್ನಾಗಿಯೇ ಆಯಿತೆಂದು ಹೇಳಲಾಗದು. ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರೂ, ವಿಧವೆಯರೂ ಜಮೀನು ಕಳೆದುಕೊಂಡರು. ಕೂಲಿಯವರಿಗೆ ಸಿಕ್ಕಿದ್ದು ಕಡಿಮೆ.

1972ರಲ್ಲೇ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚನೆಯಾಗಿತ್ತು. 1975ರಲ್ಲಿ ಅದರ ವರದಿ ಬಂದಾಗ ಬಲಿಷ್ಠ ಸಮುದಾಯಗಳಿಂದ ಜೋರು ವಿರೋಧ ಎದ್ದಿತು. ಅರಸು ಹಿಂದೆ ಸರಿಯಲಿಲ್ಲ. 1977ರ ಮೀಸಲಾತಿ ಆದೇಶದಲ್ಲಿ ಮುಸ್ಲಿಮರನ್ನೂ ಸೇರಿಸಿದರು.

1979ರಲ್ಲಿ ಇಂದಿರಾ ಅವರೊಂದಿಗೆ ಮುರಿದುಬಿತ್ತು. ಅರಸು ಬೇರೆ ಕಾಂಗ್ರೆಸ್ ಕಟ್ಟಿದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು, ಅರಸು ಪಕ್ಷಕ್ಕೆ ಒಂದೂ ಬರಲಿಲ್ಲ. ಕಾನೂನು ಜಾರಿಗೆ ತಂದವರು ಅರಸು, ಆದರೆ ಹಳ್ಳಿಯವರಿಗೆ ನೆನಪಿದ್ದ ಹೆಸರು ಇಂದಿರಮ್ಮನದು. ಫಲಿತಾಂಶ ಬಂದದ್ದೇ ತಡ, ಅರಸು ಜೊತೆಗಿದ್ದ ಶಾಸಕರು ಗುಂಪುಗುಂಪಾಗಿ ಆ ಕಡೆ ಹೊರಟರು. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ, ಆದ್ದರಿಂದ ಅವರನ್ನು ತಡೆಯುವಂತಿರಲಿಲ್ಲ. ಅರಸು ರಾಜೀನಾಮೆ ಕೊಟ್ಟರು. 1982ರ ಜೂನ್ 6ರಂದು ತೀರಿಕೊಂಡರು.