ರೇಖೆ ಒಲಿದ ಕಲಾವಿದ: ಕೆ. ಕೆ. ಹೆಬ್ಬಾರರು

ಕನ್ನಡ ನಾಡಿನ ಹೆಸರನ್ನು ದೇಶ ವಿದೇಶಗಳಿಗೆ ಮುಟ್ಟಿಸಿದ ಚಿತ್ರಕಾರರಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಅಗ್ರಗಣ್ಯರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಅವರು ಯಕ್ಷಗಾನ, ಕೋಳಿ ಅಂಕಗಳ ಪರಿಸರದಲ್ಲಿ ಬೆಳೆದರು. ಚಿತ್ರಕಲೆಯ ಹಂಬಲ ಅವರನ್ನು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಕರೆದೊಯ್ದಿತು.

1857ರಲ್ಲಿ ಸ್ಥಾಪಿತವಾದ ಆ ಶಾಲೆಯಲ್ಲಿ ಯುರೋಪಿನ ಅಕಾಡೆಮಿಗಳ ಶಿಕ್ಷಣಕ್ರಮವು ನೆಲೆಯೂರಿತ್ತು. ಗ್ಲ್ಯಾಡ್‌ಸ್ಟನ್ ಸಾಲೊಮನ್ನರು 1919ರಲ್ಲಿ ಅಲ್ಲಿ ಜೀವಂತ ಮಾದರಿಯನ್ನು ಎದುರಿಗಿಟ್ಟುಕೊಂಡು ಚಿತ್ರಿಸುವ ತರಗತಿಯನ್ನು ಆರಂಭಿಸಿದ್ದರು. ಈ ಅಭ್ಯಾಸವು ಕೈಗಿಂತ ಮೊದಲು ಕಣ್ಣನ್ನು ಪಳಗಿಸುವಂಥದು. ಎದುರು ನಿಂತ ವ್ಯಕ್ತಿಯ ಭಾರವು ಯಾವ ಕಾಲಿನ ಮೇಲೆ ಬಿದ್ದಿದೆ, ಆ ಕಡೆಯ ಸೊಂಟ ಎಷ್ಟು ಮೇಲೇರಿದೆ, ಅದಕ್ಕೆ ಸರಿದೂಗುವಂತೆ ಹೆಗಲು ಎಷ್ಟು ಇಳಿದಿದೆ ಎಂಬುದನ್ನು ಮೊದಲು ಗ್ರಹಿಸಬೇಕು. ತಲೆಯ ಉದ್ದವನ್ನೇ ಅಳತೆಗೋಲಾಗಿಟ್ಟು ಇಡೀ ದೇಹದ ಪ್ರಮಾಣವನ್ನು ಕಾಣಬೇಕು. ಚರ್ಮದ ಕೆಳಗಿನ ಎಲುಬು ಸ್ನಾಯುಗಳನ್ನು ಅರಿಯಬೇಕು. ಒಂದು ಗೆರೆ ತಪ್ಪಿತೆಂದರೆ ನಿಂತ ಮನುಷ್ಯ ಬೀಳುವವನಂತೆ ತೋರುತ್ತಾನೆ! ಹೆಬ್ಬಾರರು ಈ ವಿದ್ಯೆಯನ್ನು ಕೈವಶ ಮಾಡಿಕೊಂಡು 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರೂ ಆದರು.

ಆದರೆ ಅವರ ಮನಸ್ಸಿಗೆ ತೃಪ್ತಿಯಿರಲಿಲ್ಲ. ಕಲಿತದ್ದೆಲ್ಲ ನಿರ್ದುಷ್ಟವಾಗಿತ್ತು, ತನ್ನದಾಗಿರಲಿಲ್ಲ. ತಮ್ಮದೇ ಆದ ದಾರಿಯನ್ನು ಅರಸುತ್ತ ಅವರು ಜೈನ ಹಸ್ತಪ್ರತಿಗಳ ಚಿತ್ರಗಳು, ರಾಜಪುತ್ರ ಮತ್ತು ಮೊಗಲ್ ಕಿರುಚಿತ್ರಗಳು, ಅಜಂತೆಯ ಭಿತ್ತಿಚಿತ್ರಗಳತ್ತ ತಿರುಗಿದರು. ಅಮೃತಾ ಶೇರ್‌ಗಿಲ್ಲರ ಕೃತಿಗಳೂ ಅವರನ್ನು ಬಲವಾಗಿ ಸೆಳೆದವು. ನೆರಳು ಬೆಳಕಿನ ನಯಗಾರಿಕೆ ಹಿಂದೆ ಸರಿದು, ಸಪಾಟಾದ ಬಣ್ಣ ಮತ್ತು ದಿಟ್ಟ ಹೊರಗೆರೆ ಮುಂದೆ ಬಂದವು.

ಇಷ್ಟನ್ನೇ ನೋಡಿ ಅವರು ಹಳೆಯ ಶಿಕ್ಷಣವನ್ನು ಕಳಚಿ ಎಸೆದರೆಂದು ಭಾವಿಸುವವರುಂಟು. ಅದು ಸರಿಯಲ್ಲ. 1949ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ತಾವೇ ಗುರುವಾಗಿದ್ದವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಆ ಸಂಸ್ಥೆಯೋ, ಜೀವಂತ ಮಾದರಿಯ ಅಭ್ಯಾಸಕ್ಕೇ ಹತ್ತೊಂಬತ್ತನೆಯ ಶತಮಾನದಿಂದ ಹೆಸರಾದುದು. ದೇಹದ ಚಲನೆಯನ್ನು ಒಳಗಿನಿಂದ ತಿಳಿಯಲು ಅವರು ಕಥಕ್ ನೃತ್ಯವನ್ನೂ ಕಲಿತರು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿದ್ದು ನಮ್ಮಲ್ಲಿ ಅಪರೂಪವೇ ಸರಿ.

ಈ ಎಲ್ಲ ಪರಿಶ್ರಮದ ಫಲ ಅವರ ರೇಖಾಚಿತ್ರಗಳಲ್ಲಿದೆ. 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ಸಂಪುಟವಾಗಿ ಅವು ಹೊರಬಂದವು. ಕೆಲವೇ ಗೆರೆಗಳಲ್ಲಿ ನರ್ತಕಿ ಸುತ್ತುತ್ತಾಳೆ, ವಾದಕ ಬಾಗುತ್ತಾನೆ. ಸ್ನಾಯುವೊಂದನ್ನೂ ಬಿಡಿಸಿ ತೋರಿಸಿಲ್ಲ, ಆದರೂ ಪಾದಕ್ಕೆ ನೆಲದ ಆಸರೆಯಿದೆ, ಕತ್ತು ತಲೆಯನ್ನು ಹೊತ್ತಿದೆ. ಎಲ್ಲವನ್ನೂ ಬರೆಯಬಲ್ಲವನಾದುದರಿಂದಲೇ ಏನನ್ನು ಬಿಡಬೇಕೆಂಬುದು ಆ ಕೈಗೆ ತಿಳಿದಿತ್ತು. ಸುಲಭವೆಂದು ಅದನ್ನು ನಕಲು ಮಾಡಹೊರಟ ಎಳೆಯರ ಗೆರೆಗಳು ಹಲವು ಸಲ ಗಾಳಿಯಲ್ಲಿ ತೇಲುವುದು ಇದರಿಂದಲೇ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. 1996ರಲ್ಲಿ ಮುಂಬಯಿಯಲ್ಲಿ ಅವರು ನಿಧನ ಹೊಂದಿದರು.